ಸಿನಿಮಾ ತರ ಡ್ರಮ್ಸ್ ಪ್ರೋಗ್ರಾಮ್ ಮಾಡೋದು ಹೇಗೆ? ನಂದು ಟೈಪ್‌ರೈಟರ್ ಕುಟ್ಟಿದ ಹಾಗೆ ಕೇಳ್ತಿದೆ

ರಾಜಾಜಿನಗರ ರಿದಂ:
ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ಯೋಚನೆ, ಇಲ್ಲಿ ಗೊತ್ತಿರೋರು ಇದೀರಾ ಅಂತ ಕೇಳ್ತಿದೀನಿ. ಫ್ರೆಂಡ್ ಒಬ್ಬ ಶಾರ್ಟ್ ಫಿಲಂ ಮಾಡ್ತಿದಾನೆ, ಜಾತ್ರೇಲಿ ಕಳೆದುಹೋದ ತಮ್ಮನ್ನ ಅಕ್ಕ ಹುಡುಕೋ ಕಥೆ. ಟ್ರೇಲರ್‌ಗೆ 1 ನಿಮಿಷ 20 ಸೆಕೆಂಡ್ ಮ್ಯೂಸಿಕ್ ಬೇಕು, ಪೂರ್ತಿ ಡ್ರಮ್ಸ್ ಮೇಲೇ ನಡೀಬೇಕು, ಕೇಳಿದ್ರೆ ಎದೆ ನಡುಗಬೇಕು ಅಂದಿದಾನೆ.

ನನ್ ಹತ್ರ ಇರೋದು 8 ಜಿಬಿ ಲ್ಯಾಪ್‌ಟಾಪು, ರೀಪರ್ (ಮ್ಯೂಸಿಕ್ ರೆಕಾರ್ಡ್ ಮಾಡೋ ಸಾಫ್ಟ್‌ವೇರ್), 25 ಕೀ ಇರೋ ಪುಟ್ಟ ಮಿಡಿ ಕೀಬೋರ್ಡು, ಒಂದು ಹೆಡ್‌ಫೋನು. ಫ್ರೀ ಟೈಕೋ ಲೈಬ್ರರಿ, ಅಂದ್ರೆ ರೆಕಾರ್ಡ್ ಮಾಡಿಟ್ಟ ಜಪಾನಿ ಡ್ರಮ್ಮಿನ ಸದ್ದುಗಳು (ಸ್ಯಾಂಪಲ್), ಹಾಕ್ಕೊಂಡಿದೀನಿ. ಟೆಂಪೋ 100. ಎಂಟು ಟ್ರ್ಯಾಕ್ ಡ್ರಮ್ಸ್ ಒಂದರ ಮೇಲೊಂದು ಪೇರಿಸಿದೀನಿ, ಎಲ್ಲದರಲ್ಲೂ ತುಂಬಾ ನೋಟ್ಸ್ ಇದೆ, ಎಲ್ಲಾ ಗ್ರಿಡ್‌ಗೆ, ಅಂದ್ರೆ ಸ್ಕ್ರೀನ್ ಮೇಲಿನ ಬೀಟಿನ ಗೆರೆಗಳಿಗೆ, ಸರಿಯಾಗಿ ಕೂರಿಸಿದೀನಿ, ರಿವರ್ಬ್ (ದೊಡ್ಡ ಜಾಗದ ಪ್ರತಿಧ್ವನಿ) ಹಾಕಿದೀನಿ, ಆದ್ರೂ ಚಿಕ್ಕದಾಗೇ ಕೇಳುತ್ತೆ. ಟ್ರ್ಯಾಕ್ ಜಾಸ್ತಿ ಮಾಡಿದಷ್ಟೂ ಇನ್ನೂ ಚಿಕ್ಕದಾಗ್ತಿದೆ, ಇದೇ ನಂಗೆ ಅರ್ಥ ಆಗ್ತಿಲ್ಲ. 6,000 ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತಗೊಂಡೆ, ಅದರಲ್ಲಿ ಅರ್ಧ ಭಾಗ ಯಾವ ಲೈಬ್ರರಿ ತಗೋಬೇಕು ಅನ್ನೋದೇ ಇತ್ತು, ಕೈ ಹೇಗಿಡಬೇಕು ಅನ್ನೋದು ಇರ್ಲಿಲ್ಲ. ಕ್ಲಿಪ್ ಹಾಕಿದೀನಿ, ಕೇಳಿ ಹೇಳಿ.

ಕಾಫಿ ಬೈಟು:
ಕೇಳ್ದೆ. ವೆಲಾಸಿಟಿ (ನೋಟ್ ಎಷ್ಟು ಜೋರಾಗಿ ಹೊಡೆದದ್ದು ಅನ್ನೋ ನಂಬರ್) ಎಲ್ಲಾ 127, ಅಂದ್ರೆ ಪೂರ್ತಿ, ಇಟ್ಟಿದೀಯ ಅಲ್ವಾ?

ರಾಜಾಜಿನಗರ ರಿದಂ:
ಹೌದು, ಕಮ್ಮಿ ಮಾಡಿದ್ರೆ ದಮ್ ಹೋಗುತ್ತೆ ಅನ್ಸ್ತು.

ಬೀಟ್ ಮೇಷ್ಟ್ರು:
ಅಲ್ಲೇ ಇರೋದು ಸಮಸ್ಯೆ. ವೆಲಾಸಿಟಿ ಅಂದ್ರೆ ವಾಲ್ಯೂಮ್ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಒಳ್ಳೆ ಡ್ರಮ್ ಲೈಬ್ರರಿ ಮಾಡೋರು ಒಂದೇ ಡ್ರಮ್ಮನ್ನ ಮೆಲ್ಲಗೆ, ಸ್ವಲ್ಪ ಜೋರಾಗಿ, ತುಂಬಾ ಜೋರಾಗಿ ಅಂತ ಬೇರೆ ಬೇರೆ ರೆಕಾರ್ಡ್ ಮಾಡಿರ್ತಾರೆ, ನೀನು 40 ಒತ್ತಿದ್ರೆ ಒಂದು ರೆಕಾರ್ಡಿಂಗು, 110 ಒತ್ತಿದ್ರೆ ಇನ್ನೊಂದು. ಮೆಲ್ಲಗೆ ಹೊಡೆದಾಗ ಚರ್ಮ ದುಂಡಗೆ ಗುಮ್ಮಂತ ಮಾತಾಡುತ್ತೆ, ಜೋರಾಗಿ ಹೊಡೆದಾಗ ಕೋಲು ತಾಗಿದ ಚಟ್ ಸದ್ದು ಮುಂದಕ್ಕೆ ಬರುತ್ತೆ. ನೀನು ಎಲ್ಲಾ 127 ಇಟ್ಟು ಬರೀ ಆ ಚಟ್ ಚಟ್ ಮಾತ್ರ ಕೇಳಿಸ್ತಿದೀಯ, ಅದಕ್ಕೇ ಟೈಪ್‌ರೈಟರ್.

ಇವತ್ತು ರಾತ್ರಿ ಒಂದು ಕೆಲಸ ಮಾಡು. ಏಳು ಟ್ರ್ಯಾಕ್ ಮ್ಯೂಟ್ ಮಾಡು. ಉಳಿದ ಒಂದರಲ್ಲಿ ನಾಲ್ಕು ಬೀಟಿಗೆ 16 ನೋಟ್ ಇದೆಯಲ್ಲ, ಮೊದಲನೇದು 115, ಮಧ್ಯೆ ಒತ್ತು ಬರಬೇಕಾದ ಎರಡೋ ಮೂರೋ 95 ಸುತ್ತಮುತ್ತ, ಉಳಿದದ್ದೆಲ್ಲಾ 35ರಿಂದ 60ರ ಒಳಗೆ ಇಡು, ಒಂದರ ಪಕ್ಕ ಒಂದು ಒಂದೇ ನಂಬರ್ ಬರದ ಹಾಗೆ. ಆಮೇಲೆ ಫೇಡರ್ ಜಾಸ್ತಿ ಮಾಡ್ಕೊಂಡು ಕೇಳು. ಮೆಲ್ಲಗಿನ ನೋಟು ಇದ್ರೇನೇ ಜೋರಿನ ನೋಟು ಜೋರು ಅಂತ ಕಿವಿಗೆ ಗೊತ್ತಾಗೋದು. 127 ಅನ್ನೋದನ್ನ ಇಡೀ ಪೀಸಲ್ಲಿ ಮೂರು ನಾಲ್ಕು ಕಡೆಗೆ ಅಂತ ಎತ್ತಿಟ್ಕೋ.

ಪೀಣ್ಯ ನೈಟ್‌ಶಿಫ್ಟ್:
ಇದೆಲ್ಲಾ ಸರಿ, ಆದ್ರೆ ಫ್ರೀ ಲೈಬ್ರರಿಲಿ ಎಷ್ಟು ತಿದ್ದಿದ್ರೂ ಅಷ್ಟೇ ಗುರು. ದೊಡ್ಡ ಕಂಪನಿಯವರು ದೊಡ್ಡ ಹಾಲಲ್ಲಿ ಹತ್ತಾರು ಮೈಕ್ ಇಟ್ಟು ರೆಕಾರ್ಡ್ ಮಾಡಿರ್ತಾರೆ. ಒಂದು ಒಳ್ಳೆ ಲೈಬ್ರರಿಗೆ ದುಡ್ಡು ಹಾಕು, ಅರ್ಧ ತಲೆನೋವು ಹೋಗುತ್ತೆ.

ಸೌಂಡ್ ಚೆಕ್ ಒನ್ ಟು:
ಒಪ್ಪಲ್ಲ. ನಾನು ದುಡ್ಡು ಕೊಟ್ಟು ತಗೊಂಡೆ, ಎರಡು ಕೀ ಒತ್ತಿದ ತಕ್ಷಣ ಮೈ ಜುಂ ಅಂತು, ಎರಡು ವಾರ ಆದ್ಮೇಲೆ ಗೊತ್ತಾಯ್ತು ನನ್ ಪೀಸೆಲ್ಲಾ ಅದರ ಜೊತೆ ಬಂದ ಡೆಮೋ ತರಾನೇ ಕೇಳ್ತಿದೆ ಅಂತ. ಪ್ರೋಗ್ರಾಮಿಂಗ್ ಗೊತ್ತಿಲ್ದೆ ಲೈಬ್ರರಿ ತಗೊಂಡ್ರೆ ರೆಡಿ ಲೂಪ್‌ಗಳನ್ನ ಎಳೆದು ಹಾಕೋದಷ್ಟೇ ಆಗೋದು. ಕಲಿಯೋದಕ್ಕೆ ಸ್ಪಿಟ್‌ಫೈರ್ ಕಂಪನಿಯ ಲ್ಯಾಬ್ಸ್ ಅನ್ನೋ ಲೈಬ್ರರಿ ಫ್ರೀ ಇದೆ, ಡೀಸೆಂಟ್ ಸ್ಯಾಂಪ್ಲರ್ ಅಂತ ಫ್ರೀ ಪ್ಲಗಿನ್ ಇದೆ, ರೀಪರ್ ಒಳಗೇ ಒಂದು ಸ್ಯಾಂಪ್ಲರ್ ಇದೆ. ಸದ್ಯಕ್ಕೆ ಸಾಕು.

ಪೀಣ್ಯ ನೈಟ್‌ಶಿಫ್ಟ್:
ನಾನು ಲೂಪ್ ಎಳೆದು ಹಾಕು ಅಂದಿಲ್ಲ. ನಾನು ಹೇಳ್ತಿರೋದು ರೌಂಡ್ ರಾಬಿನ್ ಬಗ್ಗೆ. ಅವನ ಕ್ಲಿಪ್ಪಲ್ಲಿ 12ನೇ ಸೆಕೆಂಡಿಂದ ಕೇಳು, ಒಂದೇ ಸ್ಯಾಂಪಲ್ ಟಟಟಟಟ ಅಂತ ಮೆಷಿನ್ ಗನ್ ತರ ಬರುತ್ತೆ. ಅದೇ ಡ್ರಮ್ಮಿಗೆ ಅದೇ ಜೋರಲ್ಲಿ ಐದಾರು ಬೇರೆ ಬೇರೆ ಹೊಡೆತ ರೆಕಾರ್ಡ್ ಆಗಿದ್ದು ಸರದಿ ಪ್ರಕಾರ ಬಂದ್ರೆ ಆ ಗನ್ ಸೌಂಡ್ ಬರಲ್ಲ. ಅವನ ಫ್ರೀ ಲೈಬ್ರರಿಲಿ ಆ ಸರದಿ ಇಲ್ಲ.

ಬೀಟ್ ಮೇಷ್ಟ್ರು:
ಈ ಪಾಯಿಂಟ್ ಸರಿ ಇದೆ, ಒಪ್ತೀನಿ. ಇರೋದು ಒಂದೇ ಸ್ಯಾಂಪಲ್ ಅಂದ್ರೆ ಅದರ ನಾಲ್ಕು ಕಾಪಿ ಮಾಡಿ ಒಂದೊಂದರ ಪಿಚ್ ಒಂಚೂರು ಮೇಲೆ ಕೆಳಗೆ, 10ರಿಂದ 20 ಸೆಂಟ್ (ಸೆಂಟ್ ಅಂದ್ರೆ ಪಕ್ಕಪಕ್ಕದ ಎರಡು ಕೀ ಅಂತರದ ನೂರರಲ್ಲೊಂದು) ಅಷ್ಟೇ, ಒಂದೊಂದರ ಹೈ ಸ್ವಲ್ಪ ಕಟ್ ಮಾಡಿ ಬದಲಾಯಿಸ್ತಾ ಹೋಗಬಹುದು. ಅಸಲಿ ಅಲ್ಲ, ಆದ್ರೆ ಕೆಲಸ ಆಗುತ್ತೆ.

ಮೃದಂಗದ ಹುಡುಗಿ:
ನಾನು ಒಂಬತ್ತು ವರ್ಷ ಮೃದಂಗ ಕಲಿತಿದೀನಿ, ಈಗ ಮನೇಲೇ ಪ್ರೊಡಕ್ಷನ್ ಮಾಡ್ತೀನಿ. ನೀವೆಲ್ಲಾ ನಂಬರ್ ಬಗ್ಗೆನೇ ಮಾತಾಡ್ತಿದೀರ, ಆದ್ರೆ ಒತ್ತು ಎಲ್ಲಿ ಇಡಬೇಕು ಅನ್ನೋದನ್ನ ಯಾರೂ ಹೇಳ್ಲಿಲ್ಲ. ಅದು ಪಿಯಾನೋ ರೋಲ್ (ನೋಟ್ ಬರೆಯೋ ಸ್ಕ್ರೀನ್) ನೋಡಿದ್ರೆ ಬರಲ್ಲ, ಬಾಯಲ್ಲಿ ಹೇಳಿದ್ರೆ ಬರುತ್ತೆ.

ನಮ್ಮ ಮೇಷ್ಟ್ರು ಮೊದಲ ಎಂಟು ತಿಂಗಳು ಮೃದಂಗ ಮುಟ್ಟೋದಕ್ಕೇ ಬಿಡ್ಲಿಲ್ಲ, ಬರೀ ಕೈಯಲ್ಲಿ ತಾಳ, ಬಾಯಲ್ಲಿ ಸೊಲ್ಲು, ಅಂದ್ರೆ ಹೊಡೆತದ ಅಕ್ಷರಗಳು. ಆಗ ಅಳು ಬರ್ತಿತ್ತು, ಈಗ ಮೌಸ್ ಹಿಡಿದಾಗ ಅದೇ ಕೈ ಹಿಡೀತಿದೆ. ನಾಲ್ಕು ಬೀಟಲ್ಲಿ 16 ಮಾತ್ರೆ ಇದೆ ಅಂತ ಇಟ್ಕೊಳಿ. ನೀವು ಅದನ್ನ ತಕಧಿಮಿ ತಕಧಿಮಿ ತಕಧಿಮಿ ತಕಧಿಮಿ ಅಂತ ಹೊಡೆದಿದೀರ, ನಾಲ್ಕು ನಾಲ್ಕು ನಾಲ್ಕು ನಾಲ್ಕು. ಈಗ ಇದನ್ನ ಹೇಳಿ, ಜೋರಾಗಿ, ರೂಮಲ್ಲಿ ಒಬ್ರೇ ಇದ್ದಾಗ: ತಕಿಟ ತಕಿಟ ತಕಿಟ ತಕಿಟ ತಕಧಿಮಿ. ಮೂರು ನಾಲ್ಕಲ ಹನ್ನೆರಡು, ಜೊತೆಗೆ ನಾಲ್ಕು, ಅದೂ 16ರೇ. ಪ್ರತಿ ತ ಮೇಲೆ ಒತ್ತು ಕೊಡಿ, ಕಿಟ ಎರಡನ್ನೂ ಬಾಯೊಳಗೇ ನುಂಗಿ. ಬೀಟು ಕಾಲಲ್ಲಿ ತಟ್ತಾ ಇರಿ. ಒತ್ತು ಬೀಟನ್ನ ಬಿಟ್ಟು ಬಿಟ್ಟು ಓಡುತ್ತೆ, ಕೊನೆಗೆ ತಕಧಿಮಿಲಿ ಬಂದು ಸೇರುತ್ತೆ. ಅಕ್ಕ ಜನರ ಮಧ್ಯೆ ತಮ್ಮನ್ನ ಹುಡುಕ್ತಾ ಓಡ್ತಿದಾಳೆ ಅಂದ್ರಲ್ಲ, ಆ ಓಟ ಇದರಲ್ಲಿದೆ. ಯಾವ ಅಕ್ಷರ ನಿಮ್ಮ ಬಾಯಲ್ಲಿ ಜೋರಾಗಿ ಬಂತೋ ಅದು 100ರ ಮೇಲೆ, ಯಾವುದನ್ನ ನುಂಗಿದ್ರೋ ಅದು 50ರ ಕೆಳಗೆ. ಮುಗೀತು.

ಇಷ್ಟ ಆದ್ರೆ ಏಳರಲ್ಲೂ ಮಾಡಿ, ತಕಿಟ ತಕಧಿಮಿ, ಮಿಶ್ರ ಛಾಪು ತಾಳ. ಟೆನ್ಷನ್ ಸೀನಿಗೆ ತುಂಬಾ ಚೆನ್ನಾಗಿ ಕೂರುತ್ತೆ, ಕೇಳೋರಿಗೆ ಮುಂದಿನ ಹೆಜ್ಜೆ ಎಲ್ಲಿ ಅಂತ ಗೊತ್ತಾಗಲ್ಲ.

ಹೊಸಬ:
ಮೇಡಂ, ಟ್ರೇಲರಲ್ಲಿ ಕೊನೆಗೆ ಒಂದೇ ದೊಡ್ಡ ಹಿಟ್ ಬಂದು ಟೈಟಲ್ ಬರುತ್ತಲ್ಲ, ಅದಕ್ಕೆ ಮುಂಚೆ ಬರೋ ರೋಲ್ ಹೇಗೆ ಮಾಡೋದು? ನಾನು ಸುಮ್ನೆ ಸ್ಪೀಡ್ ಜಾಸ್ತಿ ಮಾಡ್ತಾ ಹೋಗ್ತೀನಿ, ಚೆನ್ನಾಗಿರಲ್ಲ.

ಮೃದಂಗದ ಹುಡುಗಿ:
ಸ್ಪೀಡ್ ಬೇಡ, ಮೂರು ಸಲ ಹೇಳಿ. ಮುಕ್ತಾಯ ಅಂತೀವಿ. ಒಂದೇ ಮಾತು ಮೂರು ಸಲ ಬಂದ್ರೆ ಎರಡನೇ ಸಲಕ್ಕೇ ಕೇಳೋರ ಕಿವಿ ಮೂರನೇದಕ್ಕೆ ಕಾಯುತ್ತೆ. ತ ಧಿ ಗಿ ಣ ತೊಂ ಐದು ಮಾತ್ರೆ, ಎರಡು ಮಾತ್ರೆ ಬಿಡುವು, ಮತ್ತೆ ಐದು, ಮತ್ತೆ ಎರಡು ಬಿಡುವು, ಮತ್ತೆ ಐದು. ಒಟ್ಟು 19. ಮುಗಿದ ತಕ್ಷಣದ ಮಾತ್ರೆ ಸಮ, ಅಂದ್ರೆ ತಾಳದ ಮೊದಲ ಬೀಟು, ಅಲ್ಲಿ ನಿಮ್ಮ ದೊಡ್ಡ ಹಿಟ್ ಇಡಿ. ಆ ಎರಡು ಬಿಡುವಲ್ಲಿ ದಯವಿಟ್ಟು ಏನೂ ತುಂಬಬೇಡಿ.

ಕಾಫಿ ಬೈಟು:
ಅಂದ್ರೆ ಎರಡು ಬಾರ್ (ಬಾರ್ ಅಂದ್ರೆ ನಾಲ್ಕು ಬೀಟು) 32 ಮಾತ್ರೆ ಆದ್ರೆ, 13ನೇದರಿಂದ ಶುರು ಮಾಡಬೇಕು.

ಮೃದಂಗದ ಹುಡುಗಿ:
13 ಕಳೆದು, 14ನೇದರಿಂದ. 13ರಿಂದ ಶುರು ಮಾಡಿದ್ರೆ ಒಂದು ಮಾತ್ರೆ ಮುಂಚೆ ಮುಗಿದು ಹಿಟ್ಟಿಗೆ ಮುಂಚೆ ತೂತು ಬೀಳುತ್ತೆ.

ಕಾಫಿ ಬೈಟು:
ಹೌದು ಹೌದು, ಈಗ ಬೆರಳಲ್ಲಿ ಎಣಿಸಿದೆ. 14.

ಧಾರವಾಡ ಪೇಡಾ:
ನಂದೊಂದು ಪ್ರಶ್ನೆ ಐತ್ರಿ. ಕಥಿ ನಮ್ಮೂರ ಜಾತ್ರಿದು ಅಂತೀರಿ, ಡ್ರಮ್ಸ್ ಜಪಾನಿಂದು ಯಾಕ್ರಿ? ಡೊಳ್ಳು ಇಲ್ಲೇನು, ಹಲಗಿ ಇಲ್ಲೇನು? ನಮ್ಮ ಕಡೆ ಜಗ್ಗಲಿಗಿ ಅಂತ ಐತಿ, ಚಕ್ಕಡಿ ಗಾಲಿಯಷ್ಟು ದೊಡ್ಡ ಚೌಕಟ್ಟಿಗೆ ಎಮ್ಮಿ ಚರ್ಮ ಬಿಗಿದಿರ್ತಾರ, ಉರುಳಿಸ್ಕೋತ ತಂದು ಹೊಡಿತಾರ. ಸಣ್ಣವಿದ್ದಾಗ ಹೋಳಿ ಹುಣ್ಣಿವಿಗೆ ನಮ್ಮ ಓಣ್ಯಾಗ ಬಂದಾಗ ಮನಿ ಕಿಟಕಿ ಗಾಜು ನಡುಗತಿದ್ವು, ಹೊಟ್ಟ್ಯಾಗ ಬಂದು ಕೂಡತಿತ್ತು ಆ ಸದ್ದು. ಅದಕ್ಕಿಂತ ಸಿನಿಮ್ಯಾಟಿಕ್ ಏನ್ ಬೇಕ್ರಿ ನಿಮಗ?

ಪೀಣ್ಯ ನೈಟ್‌ಶಿಫ್ಟ್:
ಟೈಕೋ ಒಂದು ಡ್ರಮ್ಮಲ್ಲೇ ಎಲ್ಲಾ ಸಿಗುತ್ತೆ ಅಂತ ಎಲ್ರೂ ಅದನ್ನೇ ಬಳಸ್ತಾರೆ.

ಸೌಂಡ್ ಚೆಕ್ ಒನ್ ಟು:
ಟೈಕೋ ಒಂದು ಡ್ರಮ್ ಅಲ್ಲ, ಜಪಾನಿ ಭಾಷೇಲಿ ಆ ಪದಕ್ಕೆ ಡ್ರಮ್ ಅಂತಾನೇ ಅರ್ಥ. ಓಡೈಕೋ ಅಂದ್ರೆ ಆಳೆತ್ತರ ಬರೋ ದೊಡ್ಡದು, ನಗಾಡೋ ಮಧ್ಯದ್ದು, ಶಿಮೆ ಅಂದ್ರೆ ಹಗ್ಗ ಬಿಗಿದ ಚಿಕ್ಕದು, ಕಿವಿಗೆ ಚುಚ್ಚೋ ಹಾಗೆ ಮೇಲಿನ ಸ್ವರ. ಇವನ್ನೆಲ್ಲಾ ಒಟ್ಟಿಗೆ ಕೂರಿಸಿ ಒಂದು ತಂಡವಾಗಿ ನುಡಿಸೋ ಪದ್ಧತಿ ತುಂಬಾ ಹಳೇದೇನಲ್ಲ, 1951ರಲ್ಲಿ ದೈಹಾಚಿ ಓಗುಚಿ ಅನ್ನೋ ಜಾಝ್ ಡ್ರಮ್ಮರ್ ಶುರು ಮಾಡಿದ್ದು. ಜಾಝ್ ಡ್ರಮ್ ಸೆಟ್ಟಲ್ಲಿ ಒಬ್ಬನೇ ಬೇರೆ ಬೇರೆ ಸೈಜಿನ ಡ್ರಮ್ ನುಡಿಸ್ತಾನಲ್ಲ, ಅದನ್ನ ಅವನು ಬೇರೆ ಬೇರೆ ಜನಕ್ಕೆ ಹಂಚಿದ. ಚಿಕ್ಕ ಶಿಮೆ ಬಿಡದೆ ಲಯ ಹಿಡಿದಿರುತ್ತೆ, ಮಧ್ಯದ್ದು ಮಾತಾಡುತ್ತೆ, ದೊಡ್ಡದು ಅಪರೂಪಕ್ಕೆ ಬಂದು ಬೀಳುತ್ತೆ.

ನೀನು ಮಾಡಿರೋದು ಏನಂದ್ರೆ ಎಂಟು ಡ್ರಮ್ಮಿಗೂ ಒಂದೇ ಮಾತು ಕೊಟ್ಟಿದೀಯ. ಎಂಟು ಜನ ಒಟ್ಟಿಗೆ ಒಂದೇ ವಾಕ್ಯ ಕೂಗಿದ್ರೆ ಏನೂ ಅರ್ಥ ಆಗಲ್ಲ. ಟ್ರ್ಯಾಕ್ ಜಾಸ್ತಿ ಆದಷ್ಟೂ ಚಿಕ್ಕದಾಗ್ತಿರೋದು ಇದಕ್ಕೇ. ಡೊಳ್ಳು ಹಾಕ್ತೀಯೋ ಟೈಕೋ ಹಾಕ್ತೀಯೋ, ಕೆಲಸ ಹಂಚೋದು ಮಾತ್ರ ಇದೇ ತರ.

ಕುಂದಾಪ್ರ ಚಂಡೆ:
ಇನ್ನೊಂದು ವಿಷಯ ಉಂಟು ಮಾರಾಯ್ರೆ. ದೊಡ್ಡ ಡ್ರಮ್ಮಿಗೆ 16 ನೋಟ್ ಬರೆದಿದ್ದೀರಲ್ಲ, ಅದನ್ನು ಹೊಡೆಯುವವನ ಕೈ ಒಮ್ಮೆ ಯೋಚನೆ ಮಾಡಿ. 100 ಟೆಂಪೋ ಅಂದ್ರೆ ಒಂದು ಬೀಟಿಗೆ 600 ಮಿಲಿಸೆಕೆಂಡು, ನಾಲ್ಕು ಭಾಗ ಮಾಡಿದ್ರೆ ಒಂದೊಂದಕ್ಕೆ 150. ಅಷ್ಟರಲ್ಲಿ ದಪ್ಪ ಕೋಲನ್ನು ತಲೆ ಮೇಲೆ ಎತ್ತಿ ಪೂರ್ತಿ ಬಲ ಹಾಕಿ ಹೊಡೆಯಲಿಕ್ಕೆ ಯಾರಿಂದಲೂ ಆಗುದಿಲ್ಲ. ಕೇಳುವವರಿಗೆ ಲೆಕ್ಕ ಗೊತ್ತಿಲ್ಲದಿದ್ರೂ ಇದು ಸುಳ್ಳು ಅಂತ ಮೈಗೆ ಗೊತ್ತಾಗ್ತದೆ. ದೊಡ್ಡ ಪೆಟ್ಟಿನ ಮೊದಲು ಕೈ ಎತ್ತುವಷ್ಟು ಜಾಗ ಬಿಡಿ.

ಯಕ್ಷಗಾನದಲ್ಲಿ ನೋಡಿ, ಚಂಡೆ ಇಡೀ ರಾತ್ರಿ ಬಾರಿಸುದಿಲ್ಲ. ಮದ್ದಳೆ ಪದಕ್ಕೆ ಜೊತೆ ಕೊಡ್ತಾ ಇರ್ತದೆ, ಚಂಡೆ ಸುಮ್ಮನೆ ಕೂತಿರ್ತದೆ. ರಾಕ್ಷಸ ವೇಷ ಪರದೆ ಹಿಂದೆ ಬಂತು ಅನ್ನುವಾಗ ಚಂಡೆ ಬಿತ್ತು ಅಂದ್ರೆ ನಿದ್ದೆಯಲ್ಲಿದ್ದ ಮಕ್ಕಳೂ ಎದ್ದು ಕೂರ್ತವೆ. ಅಷ್ಟೊತ್ತು ಸುಮ್ಮನೆ ಇದ್ದದ್ದಕ್ಕೇ ಆ ಬಲ ಬಂದದ್ದು.

ರಾಜಾಜಿನಗರ ರಿದಂ:
ನಿಮ್ಮೆಲ್ರ ಮಾತು ಎರಡೆರಡು ಸಲ ಓದಿದೆ. ತಕಿಟ ತಕಿಟ ರಾತ್ರಿ ಹನ್ನೊಂದಕ್ಕೆ ಜೋರಾಗಿ ಹೇಳ್ತಿದ್ದೆ, ಅಮ್ಮ ಬಾಗಿಲು ತಟ್ಟಿ ಏನಾಯ್ತೋ ಅಂದ್ರು. ಡೊಳ್ಳಿನ ವಿಷಯ ನಿಜವಾಗ್ಲೂ ತಲೇಲಿ ಕೂತಿದೆ. ಆದ್ರೆ ಡೊಳ್ಳಿನ ಒಳ್ಳೆ ಸ್ಯಾಂಪಲ್ ಎಲ್ಲಿ ಸಿಗುತ್ತೆ? ಯೂಟ್ಯೂಬಿಂದ ಕತ್ತರಿಸಿದ್ದು ಮೋರಿ ಒಳಗಿಂದ ಬಂದ ಹಾಗಿದೆ.

ಮಿಕ್ಸಿಂಗ್ ಟೇಬಲ್:
ಯೂಟ್ಯೂಬಿಂದ ಕತ್ತರಿಸಬೇಡ, ಬೇರೆಯವರ ದುಡಿಮೆ ಅದು, ನಾಳೆ ಫಿಲಂ ಎಲ್ಲಾದ್ರೂ ಹಾಕಿದಾಗ ಕಾಪಿರೈಟ್ ತೊಂದ್ರೆನೂ ಬರುತ್ತೆ. ನೀನೇ ರೆಕಾರ್ಡ್ ಮಾಡು, ನಾನು ಮಾಡಿದೀನಿ.

ಮೊದಲು ನಮ್ಮ ಟೆರೇಸಲ್ಲಿ ಮಾಡಿದ್ವಿ. ಒಂದು ಹೊಡೆತ, ಹಿಂದೆ ಕುಕ್ಕರ್ ವಿಷಲ್. ಇನ್ನೊಂದು ಹೊಡೆತ, ಪಕ್ಕದ ಸೈಟಲ್ಲಿ ಟೈಲ್ಸ್ ಕಟಿಂಗ್. ಮಧ್ಯಾಹ್ನದವರೆಗೆ ಒಂದು ಕ್ಲೀನ್ ಸ್ಯಾಂಪಲ್ ಸಿಗಲಿಲ್ಲ, ಬಂದಿದ್ದ ಕಲಾವಿದ್ರ ಕೈ ಬೇರೆ ನೋಯೋಕೆ ಶುರುವಾಯ್ತು, ನಂಗೆ ತುಂಬಾ ಬೇಜಾರಾಯ್ತು. ಮುಂದಿನ ವಾರ ಕನಕಪುರ ರೋಡ್ ಆಚೆ ಒಬ್ರ ಮಾವಿನ ತೋಟಕ್ಕೆ ಹೋದ್ವಿ, ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಅಷ್ಟೇ ಸಾಕಾಯ್ತು.

ಮೊದಲ ಟೇಕೆಲ್ಲಾ ಒಡೆದು ಹೋಗಿತ್ತು. ಡೊಳ್ಳು ಎಷ್ಟು ಜೋರು ಅನ್ನೋದು ಹತ್ರ ನಿಂತ್ರೇನೇ ಗೊತ್ತಾಗೋದು. ಗೇನ್ ತುಂಬಾ ಕೆಳಗಿಳಿಸಿ ಅತೀ ಜೋರಿನ ಹೊಡೆತ ಮೈನಸ್ 12 ಡಿಬಿ ದಾಟದ ಹಾಗೆ ಇಟ್ಕೊಂಡೆ, 24 ಬಿಟ್ಟಲ್ಲಿ ರೆಕಾರ್ಡ್ ಮಾಡಿದ್ರೆ ಆಮೇಲೆ ಏರಿಸಿದ್ರೂ ಗಲೀಜಾಗಲ್ಲ. ಒಂದು ಮೈಕು ಚರ್ಮದಿಂದ ಒಂದೂವರೆ ಅಡಿ ದೂರ, ಇನ್ನೊಂದು ಎಂಟು ಹತ್ತು ಅಡಿ ಹಿಂದೆ. ಹತ್ತಿರದ್ದು ಚಟ್ ಕೊಡುತ್ತೆ, ದೂರದ್ದು ಗಾತ್ರ ಕೊಡುತ್ತೆ. ಕೋಲಿನ ಕಡೆ ಹೊಡೆತ, ಅಂಗೈ ಕಡೆ ಹೊಡೆತ, ಅಂಚಿನ ಮೇಲೆ ಕೋಲು, ಈ ಮೂರನ್ನ ನಾಲ್ಕು ಜೋರಲ್ಲಿ, ಪ್ರತಿಯೊಂದು ಆರು ಸಲ. 72 ಆಯ್ತು. ಪ್ರತಿ ಹೊಡೆತ ಆದ್ಮೇಲೆ ಸದ್ದು ಪೂರ್ತಿ ಆರೋವರೆಗೂ ಯಾರೂ ಅಲ್ಲಾಡಬಾರದು, ಇದನ್ನ ಮೊದಲೇ ಹೇಳಿಬಿಡು. ನಮ್ಮದರಲ್ಲಿ ಹದಿನೈದು ಸ್ಯಾಂಪಲ್ಲಿನ ಬಾಲದಲ್ಲಿ ನನ್ ಚಪ್ಪಲಿ ಸದ್ದಿದೆ.

ಧಾರವಾಡ ಪೇಡಾ:
ಚಲೋ ಮಾಡೀರಿ. ಆದ್ರ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬಿಡಿ ಬಿಡಿ ಹೊಡೆತ ತಗೊಂಡು ಬಂದ್ರ ಡೊಳ್ಳು ಬಂತು ಅಂತಲ್ರಿ. ಡೊಳ್ಳು ಹೊಡಿಯಾಂವ ನಿಂತು ಹೊಡಿಯಂಗಿಲ್ಲ, ಕುಣಕೋತ ಹೊಡಿತಾನ. ಅಷ್ಟು ಭಾರದ್ದು ಕೊಳ್ಳಾಗ ಹಾಕ್ಕೊಂಡು ಜಿಗಿದು ಕೆಳಗ ಇಳಿಯೂ ಹೊತ್ತಿಗೆ ಪೆಟ್ಟು ಬೀಳತೈತಿ, ಮೈ ಭಾರನೂ ಅದರಾಗ ಇರತೈತಿ. ಹಂಗಾಗಿ ಒಂದು ಪೆಟ್ಟಿಂದ ಇನ್ನೊಂದು ಪೆಟ್ಟಿಗೆ ಅಂತರ ಗಡಿಯಾರದಂಗ ಇರಂಗಿಲ್ಲ. ಅದನ್ನ ಗ್ರಿಡ್ಡಿಗೆ ಕಟ್ಟಿದ್ರ ಕುಣಿತ ಸತ್ತು ಹೋಗತೈತಿ.

ಬಿಡಿ ಹೊಡೆತ ತಗೋರಿ, ಅದರ ಕೂಡ ಹತ್ತು ನಿಮಿಷ ಅವರನ್ನ ಅವರ ಪಾಡಿಗೆ ನುಡಿಸಾಕ ಬಿಡ್ರಿ, ಕ್ಲಿಕ್ (ಟೆಂಪೋ ಹೇಳೂ ಟಿಕ್ ಟಿಕ್ ಸದ್ದು) ಹಾಕಬ್ಯಾಡ್ರಿ. ಮತ್ತ ರೊಕ್ಕ ಮೊದಲ ಮಾತಾಡ್ರಿ, ದಿನದ ಸಂಭಾವನಿ, ಹೋಗಿ ಬರೂ ಖರ್ಚು, ಊಟ, ಸ್ಯಾಂಪಲ್ ಎಲ್ಲೆಲ್ಲಿ ಬಳಸ್ತೀರಿ ಅನ್ನೂದು, ಎಲ್ಲಾ ಒಂದು ಹಾಳ್ಯಾಗ ಬರದು ಇಬ್ರೂ ಸಹಿ ಹಾಕ್ರಿ. ಟೈಟಲ್ಲಿನ್ಯಾಗ ತಂಡದ ಹೆಸರು ಬರಲೇಬೇಕು. ನಮ್ಮ ಮಂದಿ ಸಂಕೋಚಕ್ಕ ಕೇಳಂಗಿಲ್ಲ, ನೀವ ಹೇಳಬೇಕು.

ಮಿಕ್ಸಿಂಗ್ ಟೇಬಲ್:
ಹೆಸರು ಹಾಕಿದ್ದೆ, ಸಂಭಾವನೆನೂ ಕೊಟ್ಟಿದ್ದೆ, ಆದ್ರೆ ಬರೆದುಕೊಟ್ಟಿರ್ಲಿಲ್ಲ. ಈ ವಾರ ಹೋಗಿ ಬರೆದು ಕೊಡ್ತೀನಿ. ಒಳ್ಳೆ ಮಾತು ಹೇಳಿದ್ರಿ.

ಬೀಟ್ ಮೇಷ್ಟ್ರು:
ಅವರು ಅವರ ಪಾಡಿಗೆ ನುಡಿಸಿದ್ದನ್ನ ಏನ್ ಮಾಡೋದು ಅಂದ್ರೆ, ಅದನ್ನ ನಿನ್ನ ಟೆಂಪೋಗೆ ಎಳೀಬೇಡ. ನಿನ್ನ ಟೆಂಪೋನ ಅದಕ್ಕೆ ಹೊಂದಿಸು. ರೀಪರಲ್ಲಿ ಪ್ರತಿ ಬಾರಿನ ಮೊದಲ ಪೆಟ್ಟಿಗೆ ಟೆಂಪೋ ಮಾರ್ಕರ್ ಹಾಕ್ತಾ ಹೋದ್ರೆ ಗ್ರಿಡ್ಡೇ ಅವರ ಜೊತೆ ಬಗ್ಗುತ್ತೆ. ಆಮೇಲೆ ಮೇಲಿನ ಶೇಕರು, ಚಿಕ್ಕ ಡ್ರಮ್ಮು ಏನೇ ಹಾಕಿದ್ರೂ ಅವರ ಕುಣಿತದ ಮೇಲೇ ಕೂರುತ್ತೆ. ಒಂದ್ಸಲ ಹೀಗೆ ಮಾಡಿ ನೋಡಿದಾಗ ಒಂದೇ ತಂಡ 96ರಿಂದ ಶುರು ಮಾಡಿ ಕೊನೆಗೆ 108ಕ್ಕೆ ಬಂದಿತ್ತು, ಕೇಳುವಾಗ ಸ್ಪೀಡ್ ಆಯ್ತು ಅಂತ ಅನ್ನಿಸಲೇ ಇಲ್ಲ, ಬಿಸಿ ಏರ್ತಿದೆ ಅನ್ನಿಸ್ತು.

ಹೊಸಬ:
ಸ್ವಲ್ಪ ಬೇರೆ ವಿಷಯ, ಖಂಜಿರ ಕಲೀಬೇಕು ಅಂತಿದೆ, ಬೆಂಗಳೂರಲ್ಲಿ ಎಲ್ಲಿ ತಗೋಬಹುದು? ಉಡದ ಚರ್ಮದ್ದೇ ಒಳ್ಳೇದು ಅಂತಾರಲ್ಲ?

ಕಾಫಿ ಬೈಟು:
ಬಳೇಪೇಟೆಗೆ ಹೋಗು, ವಾದ್ಯದ ಅಂಗಡಿ ಸಾಲಾಗಿದೆ.

ಮೃದಂಗದ ಹುಡುಗಿ:
ಉಡದ ಚರ್ಮ ಕೇಳಲೇಬೇಡಿ, ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅದು. ಈಗ ಮೇಕೆ ಚರ್ಮದ್ದೂ ಸಿಂಥೆಟಿಕ್ಕೂ ಬರುತ್ತೆ. ಚರ್ಮದ್ದಾದ್ರೆ ಒಳಗಿಂದ ಒಂಚೂರು ನೀರು ಚಿಮುಕಿಸಿ ನುಡಿಸಬೇಕು, ಆಗ ಸ್ವರ ಇಳಿದು ಗುಂ ಬರುತ್ತೆ. ಮತ್ತೆ ಇದು ಬೇರೆ ವಿಷಯ ಏನಲ್ಲ, ಖಂಜಿರದ ಆ ಜಾರೋ ಗುಂ ಸದ್ದಿನ ಕೆಳಗೆ ಡೊಳ್ಳು ಹಾಕಿ ನೋಡಿ. ಕಲೀಬೇಕು ಅಂದ್ರೆ 1964ರಿಂದ ಇರೋ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಗ್ಗೆ ವಿಚಾರಿಸಿ, ಟಿ.ಎ.ಎಸ್. ಮಣಿ ಅವರು ಕಟ್ಟಿದ ಸಂಸ್ಥೆ.

ಧಾರವಾಡ ಪೇಡಾ:
ಮಳಿಗಾಲದಾಗ ಹಲಗಿ ರೆಕಾರ್ಡ್ ಮಾಡೂದಿದ್ರ ಹುಲ್ಲಿನ ಬೆಂಕಿ ಬೇಕ್ರಿ, ಕಾಸಲಿಲ್ಲಂದ್ರ ಚರ್ಮ ಸಡ್ಲಾಗಿ ಧಪ್ ಧಪ್ ಅಂತೈತಿ.

ಪೀಣ್ಯ ನೈಟ್‌ಶಿಫ್ಟ್:
ಎಲ್ರೂ ಗ್ರಿಡ್ ಬಿಡು ಅಂತಿದೀರ, ಒಂದು ಎಚ್ಚರಿಕೆ. ಹ್ಯೂಮನೈಸ್ ಬಟನ್ ಒತ್ತಿ ಎಲ್ಲಾ ನೋಟನ್ನೂ ಅಲ್ಲಾಡಿಸಿಬಿಟ್ರೆ ಅದು ಮನುಷ್ಯ ನುಡಿಸಿದ ಹಾಗಾಗಲ್ಲ, ಕಲಿಯದೇ ಇರೋ ಮನುಷ್ಯ ನುಡಿಸಿದ ಹಾಗಾಗುತ್ತೆ. ಲಯ ಹಿಡಿದಿರೋ ಚಿಕ್ಕ ಡ್ರಮ್ ಗ್ರಿಡ್ ಹತ್ರಾನೇ ಇರಲಿ, 5 ಮಿಲಿಸೆಕೆಂಡ್ ಆಚೀಚೆ ಸಾಕು. ದೊಡ್ಡದು ಒಂದು 10, 15 ಹಿಂದೆ ಬಿದ್ರೆ ಭಾರ ಬರುತ್ತೆ. ನಾಲ್ಕು ಜನ ಒಟ್ಟಿಗೆ ಹೊಡೆದ ಹಾಗೆ ಬೇಕು ಅಂದ್ರೆ ನಾಲ್ಕು ಬೇರೆ ಸ್ಯಾಂಪಲ್ಲನ್ನ 20, 25 ಮಿಲಿಸೆಕೆಂಡ್ ಒಳಗೆ ಹರಡು. ಒಂದೇ ಸ್ಯಾಂಪಲ್ ನಾಲ್ಕು ಕಾಪಿ ಒಂದೇ ಜಾಗದಲ್ಲಿ ಇಟ್ರೆ ನಾಲ್ಕು ಜನ ಆಗಲ್ಲ, ಒಬ್ಬನೇ ಜೋರಾಗಿ ಕೇಳ್ತಾನೆ ಅಷ್ಟೇ.

ಮತ್ತೆ ಮೌಸ್ ಬಿಟ್ಟು ಕೀಬೋರ್ಡಲ್ಲಿ ಎರಡು ಬೆರಳಿಂದ ನುಡಿಸಿ ರೆಕಾರ್ಡ್ ಮಾಡು. ಬಫರ್ (ಕಂಪ್ಯೂಟರ್ ಸದ್ದನ್ನ ಹೊರಗೆ ಬಿಡೋ ಮುಂಚೆ ಕೂಡಿಟ್ಕೊಳ್ಳೋ ಅಳತೆ) 128 ಇಡು, 48 ಕಿಲೋಹರ್ಟ್ಸಲ್ಲಿ ಅದು ಮೂರು ಮಿಲಿಸೆಕೆಂಡಿಗಿಂತ ಕಮ್ಮಿ. 512 ಇಟ್ರೆ ಹತ್ತು ದಾಟುತ್ತೆ, ಬೆರಳು ಒಂದು ಕಡೆ ಸೌಂಡ್ ಒಂದು ಕಡೆ.

ಮಿಕ್ಸಿಂಗ್ ಟೇಬಲ್:
ನೈಟ್‌ಶಿಫ್ಟ್ ಹೇಳಿದ್ದು ನೂರಕ್ಕೆ ನೂರು ಸರಿ.

ನಾನು ಮಿಕ್ಸ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಕ್ಲಿಪ್ಪಲ್ಲಿ ಎಂಟೂ ಡ್ರಮ್ಮಿನ ಕೆಳಗಿನ ಸದ್ದು ಒಂದರ ಮೇಲೊಂದು ಬಿದ್ದು ಕೆಸರಾಗಿದೆ. 80 ಹರ್ಟ್ಸ್ ಕೆಳಗೆ ಒಂದೇ ಒಂದು ಡ್ರಮ್ಮಿಗೆ ಜಾಗ ಕೊಡು, ಉಳಿದದ್ದಕ್ಕೆಲ್ಲಾ ಹೈಪಾಸ್ (ಕೆಳಗಿನ ಸದ್ದು ತೆಗೆಯೋ ಫಿಲ್ಟರ್) ಹಾಕು. ರಿವರ್ಬ್ ಪ್ರತಿ ಟ್ರ್ಯಾಕಲ್ಲೂ ಬೇರೆ ಬೇರೆ ಹಾಕಿದೀಯ ಅನ್ಸುತ್ತೆ, ಬೇಡ, ಒಂದೇ ಹಾಲ್ ರಿವರ್ಬ್ ಇಟ್ಟು ಎಲ್ಲಾ ಟ್ರ್ಯಾಕನ್ನೂ ಅದಕ್ಕೇ ಕಳಿಸು, ಆ ರಿವರ್ಬಿನ ಕೆಳಭಾಗ 200 ಹರ್ಟ್ಸ್‌ವರೆಗೆ ಕತ್ತರಿಸು, ಪ್ರೀಡಿಲೇ (ರಿವರ್ಬ್ ಶುರುವಾಗೋ ಮುಂಚಿನ ತಡ) 25 ಮಿಲಿಸೆಕೆಂಡ್ ಇಡು. ಸದ್ದು ಒಂದು ಮೀಟರ್ ಹೋಗೋದಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು, ಹಿಂದೆ ನಿಂತಿರೋ ಡೊಳ್ಳು 10 ಮೀಟರ್ ದೂರ ಅಂದ್ರೆ ಸುಮಾರು 30 ಲೇಟಾಗೇ ಬರುತ್ತೆ. ಹಾಗೆ ಜಾಗ ಹಂಚು. ವೇಗವಾಗಿ ಓಡೋ ಕಡೆ ರಿವರ್ಬ್ ಕಮ್ಮಿ, ನಿಂತು ಬೀಳೋ ಕಡೆ ಜಾಸ್ತಿ.

ಫೋನಲ್ಲೂ ಕೇಳು, ನಿನ್ ಫ್ರೆಂಡ್ ಫಿಲಂನ ಅರ್ಧ ಜನ ಫೋನಲ್ಲೇ ನೋಡೋದು. ಫೋನ್ ಸ್ಪೀಕರಿಗೆ 60 ಹರ್ಟ್ಸ್ ಆಗೋದೇ ಇಲ್ಲ. ದೊಡ್ಡ ಡ್ರಮ್ಮಿಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನ ಒಂಚೂರು ಒಡೆಯೋದು) ಕೊಟ್ರೆ ಹಾರ್ಮೋನಿಕ್ಸ್, ಅಂದ್ರೆ ಅದೇ ಸ್ವರದ ಮೇಲಿನ ಸ್ವರಗಳು, ಹುಟ್ಟುತ್ತೆ, ಅದನ್ನ ಕೇಳಿ ಮಿದುಳು ಕೆಳಗಿನ ಸ್ವರವನ್ನ ತಾನೇ ತುಂಬ್ಕೊಳುತ್ತೆ.

ರಾಜಾಜಿನಗರ ರಿದಂ:
ಹತ್ತು ದಿನ ಆಯ್ತು, ಮಾಡಿದ್ದು ಹೇಳ್ತೀನಿ.

ಎಂಟು ಟ್ರ್ಯಾಕ್ ಹೋಗಿ ಮೂರಾಯ್ತು. ಮಿಕ್ಸಿಂಗ್ ಟೇಬಲ್ ಅಣ್ಣ ತಾವು ರೆಕಾರ್ಡ್ ಮಾಡಿದ 72 ಡೊಳ್ಳಿನ ಸ್ಯಾಂಪಲ್ ಬಳಸೋದಕ್ಕೆ ಆ ಕಲಾವಿದರನ್ನೇ ಕೇಳಿ ಒಪ್ಪಿಗೆ ತಂದುಕೊಟ್ರು, ನಾನು ಅವರಿಗೆ ಫೋನ್ ಮಾಡಿ ಮಾತಾಡಿ ದುಡ್ಡು ಕಳಿಸಿದೆ, ಟೈಟಲಲ್ಲಿ ಹೆಸರು ಹಾಕ್ತೀವಿ ಅಂತ ಬರೆದೂ ಕೊಟ್ವಿ. ಅವರು ಫೋನಲ್ಲೇ ಒಂದು ಬಡಿತ ಬಾಯಲ್ಲಿ ಹೇಳಿದ್ರು, ಅದನ್ನೇ ಮಧ್ಯದ ಭಾಗಕ್ಕೆ ಹಾಕಿದೀನಿ.

ಮೊದಲ 20 ಸೆಕೆಂಡ್ ಡೊಳ್ಳೇ ಇಲ್ಲ. ಬೆರಳಲ್ಲಿ ಸ್ಟೀಲ್ ಡಬ್ಬಿ ಮೇಲೆ ತಟ್ಟಿದ್ದು, ಅದೂ ವೆಲಾಸಿಟಿ 40ರ ಆಸುಪಾಸು, ಆ ಹೊತ್ತಲ್ಲಿ ಅಕ್ಕ ತಮ್ಮನ ಕೈ ಬಿಟ್ಟೋಗಿದ್ದು ನೋಡ್ಕೋತಾಳೆ. ಆಮೇಲೆ ತಕಿಟ ತಕಿಟ ಶುರುವಾಗುತ್ತೆ. 58ನೇ ಸೆಕೆಂಡಲ್ಲಿ ಮುಕ್ತಾಯ, 14ನೇ ಮಾತ್ರೆಯಿಂದ. ಆ ಎರಡು ಮಾತ್ರೆ ಬಿಡುವಲ್ಲಿ ಏನೂ ತುಂಬಲಿಲ್ಲ, ಕೈ ತುಂಬಾ ತವಕಪಡ್ತಿತ್ತು. ನಿನ್ನೆ ಫ್ರೆಂಡಿಗೆ ಕೇಳಿಸಿದೆ, ಅವನು ಮುಗಿಯೋವರೆಗೂ ಏನೂ ಮಾತಾಡಲಿಲ್ಲ, ಮತ್ತೆ ಹಾಕು ಅಂದ.

ಒಂದು ಕಡೆ ಮಾತ್ರ ಇನ್ನೂ ಸಿಕ್ಕಿಲ್ಲ. ಕೊನೆ ಹಿಟ್ ಬಿದ್ದು ಟೈಟಲ್ ಬಂದ್ಮೇಲೆ ತಮ್ಮ ಪೀಪಿ ಊದೋ ಸದ್ದು ದೂರದಲ್ಲಿ ಕೇಳಬೇಕು. ಡೊಳ್ಳಿನ ಬಾಲ ನಾಲ್ಕು ಸೆಕೆಂಡ್ ಇದೆ, ಪೀಪಿ ಅದರೊಳಗೆ ಮುಳುಗಿ ಹೋಗ್ತಿದೆ.

ಕುಂದಾಪ್ರ ಚಂಡೆ:
ಬಾಲವನ್ನು ಕತ್ತರಿಸಿಬಿಡಿ. ಡೊಳ್ಳಿನ ಮೇಲೆ ಅಂಗೈ ಇಟ್ಟು ನಿಲ್ಲಿಸಿದ ಹಾಗೆ.

ಮಿಕ್ಸಿಂಗ್ ಟೇಬಲ್:
ಅದು ರೆಕಾರ್ಡ್ ಆಗೇ ಇದೆ. ಅಂಗೈ ಫೋಲ್ಡರಲ್ಲಿ ಕೊನೇ ಆರು ಫೈಲ್ ನೋಡು, ಹೊಡೆದ ತಕ್ಷಣ ಕೈ ಇಟ್ಟು ಹಿಡಿದಿದಾರೆ.

ರಾಜಾಜಿನಗರ ರಿದಂ:
ಸಿಕ್ತು. ಹಾಕಿ ರಾತ್ರಿ ಕಳಿಸ್ತೀನಿ.